ಅತ್ತೆಗೆ ಹಬ್ಬದ ಕೀಟಲೆ: ಉತ್ತರಕ್ಕೆ ಜಾಗ ಬಿಟ್ಟು ಬರೆಯಿರಿ

ಪ್ರಶ್ನೆ: ನನ್ನ ತವರು ಗದಗ, ಗಂಡನ ಮನೆ ಹಾಸನ. ನಾವಿಬ್ಬರೂ ಬೆಂಗಳೂರಿನಲ್ಲಿದ್ದೇವೆ. ಮದುವೆಯಾಗಿ ಹತ್ತು ತಿಂಗಳಾಯಿತು. ಅತ್ತೆ ನಗುಮುಖದವರು, ಮಾತಿನಲ್ಲಿ ಚುರುಕು. ನನ್ನನ್ನು ಆಗಾಗ ಛೇಡಿಸುತ್ತಾರೆ. ಅಳಿಯನ ಮೊದಲ ದೀಪಾವಳಿಯೆಂದು ನಾವು ಗದಗಿಗೆ ಹೋಗಿದ್ದಾಗ, ಆ ಸಲುಗೆಯಿಂದಲೇ, ಎಲ್ಲೋ ಓದಿದ ಅತ್ತೆ-ಸೊಸೆ ನಗೆಹನಿಯೊಂದನ್ನು ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಯಾರೂ ನಗಲಿಲ್ಲ. ಅತ್ತೆ ಕೈಮುಗಿದ ಚಿಹ್ನೆ ಹಾಕಿ ಸುಮ್ಮನಾದರು. ಈಗ ಸಂಕ್ರಾಂತಿ ಬಂತು, ಅದರ ಹಿಂದೆ ಯುಗಾದಿ. ಬರಿಯ ‘ಹಬ್ಬದ ಶುಭಾಶಯಗಳು’ ಎಂದು ಕಳುಹಿಸಲು ಮನಸ್ಸಿಲ್ಲ. ಅವರಿಗೆ ನಗು ಬರುವಂತೆ, ನೋವಾಗದಂತೆ ಹೇಗೆ ಬರೆಯಲಿ?

ಉತ್ತರ: ಮೊದಲು ಆ ಕೈಮುಗಿದ ಚಿಹ್ನೆಯ ವಿಷಯ ಮುಗಿಸೋಣ. ಅದರ ಕಾರಣ ನಿಮ್ಮ ಪತ್ರದಲ್ಲೇ ಇದೆ. ನಿಮಗೆ ಅದು ಗಂಡನೊಡನೆ ತವರಿನಲ್ಲಿ ಕಳೆದ ಮೊದಲ ದೀಪಾವಳಿ. ನಿಮ್ಮ ಅತ್ತೆಗೆ ಅದು ಮಗನಿಲ್ಲದ ದೀಪಾವಳಿ. ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ, ಕೆಮ್ಮಣ್ಣು ಸುಣ್ಣ ಬಳಿದು ನೀರು ತುಂಬಿಸಿದ್ದಾರೆ. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಲು ಮಗನ ತಲೆಯಿಲ್ಲ. ಇದು ಸಂಪ್ರದಾಯವೆಂದು ಅವರಿಗೆ ಗೊತ್ತು, ತಾವೂ ಹಾಗೆಯೇ ತವರಿಗೆ ಹೋಗಿದ್ದವರು. ಆದರೂ ಮನೆ ಖಾಲಿ ಅನ್ನಿಸದೆ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಗದಗಿನಿಂದ ಬಂದದ್ದು ನಿಮ್ಮ ಮಾತಲ್ಲ, ಯಾರೋ ಬರೆದ, ಯಾವ ಅತ್ತೆಗಾದರೂ ಅಂಟಿಸಬಹುದಾದ ಒಂದು ನಗೆಹನಿ. ಅದನ್ನು ಓದಿದವರು ನಿಮ್ಮ ಅತ್ತೆಯ ಓರಗಿತ್ತಿಯರು, ನಾದಿನಿಯರು. ಅವರೆಲ್ಲರ ಮುಂದೆ ಏನು ಉತ್ತರ ಕೊಡಬೇಕೆಂದು ತಿಳಿಯದೆ ಅವರು ಕೈಮುಗಿದರು. ಅದನ್ನು ಮುನಿಸೆಂದು ನಾನು ಓದುವುದಿಲ್ಲ. ಮಾತಿನಲ್ಲಿ ಚುರುಕಾದವರಿಗೆ ಉತ್ತರ ಸಿಗದ ಕೀಟಲೆ ಎಂದರೆ ಬಾಯಿ ಕಟ್ಟಿದ ಹಾಗೆ.

ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದರಲ್ಲೇ ಇದೆ. ಅತ್ತೆಗೆ ಮಾಡುವ ಕೀಟಲೆ ಅವರಿಗೆ ತಿರುಗಿ ಕೀಟಲೆ ಮಾಡಲು ಅವಕಾಶ ಕೊಡಬೇಕು. ಕೊನೆಯ ಮಾತು ಅವರದಾಗಬೇಕು. ಮದುವೆಮನೆಯ ಹಾಡುಗಳನ್ನು, ಪ್ರಾಸ ಕಟ್ಟಿ ಹೇಳುವ ಒಡಪುಗಳನ್ನು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ; ಈ ಮಾತನ್ನು ನಾನು ಕಲಿತದ್ದು ಅಲ್ಲಿನ ಹೆಂಗಸರಿಂದ.

ಬೀಗರ ಹಾಡನ್ನು ನೀವು ಕೇಳಿರಬಹುದು. ಬೀಗರು ಊಟಕ್ಕೆ ಕುಳಿತಾಗ, ಅಥವಾ ಬೀಗಿತಿಯನ್ನು ಎದುರುಗೊಳ್ಳುವಾಗ, ಹೆಂಗಸರು ಅವರ ಮೂಗು, ಹಲ್ಲು, ನಡಿಗೆ, ಊಟದ ಹಸಿವು ಯಾವುದನ್ನೂ ಬಿಡದೆ ಹಾಡಿ ಹಂಗಿಸುತ್ತಾರೆ. ಬರೆದು ಓದಿದರೆ ಕೆಲವು ಸಾಲು ಕಠೋರವಾಗಿಯೇ ಕಾಣುತ್ತವೆ. ಆದರೂ ಚಪ್ಪರದಲ್ಲಿ ಬೀಗಿತಿ ಮೊದಲು ನಗುತ್ತಾಳೆ. ಆ ಹಾಡು ಇಂಥ ದಿನ, ಇಂಥ ಹೊತ್ತಿಗೆ ಬರುತ್ತದೆಂದು ಆಕೆಗೆ ಮೊದಲೇ ಗೊತ್ತು. ಹಾಡುವವರು ಎದುರಿಗಿದ್ದಾರೆ, ಅವರ ಕಣ್ಣಿನ ನಗು ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಕೆಯ ಕಡೆಯ ಹೆಂಗಸರು ಪಕ್ಕದಲ್ಲೇ ಕುಳಿತಿದ್ದಾರೆ, ಮರುಸಾಲು ಅವರ ಬಾಯಲ್ಲಿ ಸಿದ್ಧವಾಗಿದೆ. ಹಾಡು ಮುಗಿದ ಮೇಲೆ ಎಲೆ ಅಡಿಕೆ, ಅರಿಶಿನ ಕುಂಕುಮ. ಇಷ್ಟೆಲ್ಲ ಕಾವಲು ಇರುವುದರಿಂದಲೇ ಆ ಮಾತುಗಳು ಅಷ್ಟು ಖಾರವಾಗಬಹುದು. ಉರುಟಣೆಯಲ್ಲಿ ಮದುಮಗಳು ಮದುಮಗನಿಗೆ ಅರಿಶಿನ ಹಚ್ಚುತ್ತ ಹಂಗಿಸುವುದೂ ಹೀಗೆಯೇ. ಅಲ್ಲಿ ಅವನ ಸರದಿಯೂ ಬರುತ್ತದೆ.

ಮೊಬೈಲಿನ ಸಂದೇಶಕ್ಕೆ ಈ ಕಾವಲುಗಳಲ್ಲಿ ಒಂದೂ ಇಲ್ಲ. ದನಿ ಇಲ್ಲ, ಮುಖ ಇಲ್ಲ, ಬರೆದದ್ದು ಅಳಿಯುವುದಿಲ್ಲ, ಯಾರು ಯಾರಿಗೆ ತೋರಿಸುತ್ತಾರೋ ತಿಳಿಯದು. ಆದ್ದರಿಂದ ಚಪ್ಪರದಲ್ಲಿ ದನಿ, ಮುಖ, ಸರದಿಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನೀವು ಬರೆಯುವ ಸಾಲುಗಳೇ ಮಾಡಬೇಕು. ಸಂದೇಶವನ್ನು ನಮಸ್ಕಾರದಿಂದ ಶುರು ಮಾಡಿ. ಅತ್ತೆಯನ್ನು ನಿಮ್ಮ ಮನೆಯಲ್ಲಿ ಕರೆಯುವ ಹಾಗೆಯೇ ಕರೆಯಿರಿ, ‘ಅಮ್ಮ’ ಎಂದಾದರೆ ‘ಅಮ್ಮ’, ‘ಅತ್ತೆ’ ಎಂದಾದರೆ ‘ಅತ್ತೆ’. ಸಲುಗೆ ಎಷ್ಟಿದ್ದರೂ ಬಹುವಚನ ತಪ್ಪಬಾರದು. ಒಂದೇ ಒಂದು ಕೀಟಲೆ ಸಾಕು. ಅದು ಅವರು ಹೆಮ್ಮೆಪಡುವ ವಿಷಯದ ಮೇಲಿರಲಿ, ಅದರಲ್ಲಿ ಸೋತವರು ನೀವಾಗಿರಿ. ಕೊನೆಗೆ ಅವರು ಮಾತ್ರ ಉತ್ತರಿಸಬಲ್ಲ ಒಂದು ಪ್ರಶ್ನೆ ಕೇಳಿ.

ಯುಗಾದಿಯನ್ನೇ ತೆಗೆದುಕೊಳ್ಳಿ. 2026ರ ಮಾರ್ಚ್ 19ರಂದು ಪರಾಭವ ಸಂವತ್ಸರ ಶುರುವಾಗುತ್ತದೆ. ಅರವತ್ತು ವರ್ಷಕ್ಕೊಮ್ಮೆ ಸಿಗುವ ಈ ಹೆಸರನ್ನು ಸೊಸೆಯೊಬ್ಬಳು ಬಿಟ್ಟುಕೊಡಬಾರದು. ನಿಮ್ಮ ಗದಗಿನ ಕಡೆ ಹೊಸ ಸೊಸೆಯನ್ನು ಹೊಸಿಲಲ್ಲಿ ತಡೆದು ಒಡಪು ಹಾಕಿ ಗಂಡನ ಹೆಸರು ಹೇಳಿಸುತ್ತಾರೆ, ಬಸುರಿಗೆ ಮಾಡುವ ಕುಬಸದಲ್ಲೂ ಹೇಳಿಸುತ್ತಾರೆ. ಹಾಸನದ ನಿಮ್ಮ ಅತ್ತೆಗೆ ಆ ಧಾಟಿ ಹೊಸದಾಗಿರಬಹುದು. ನಿಮ್ಮ ತವರಿನ ಒಡಪನ್ನು ಅವರ ಮನೆಯ ಒಬ್ಬಟ್ಟಿಗೆ ಜೋಡಿಸಿ:

‘ಅತ್ತೆ, ನಿಮಗೂ ಮಾವನವರಿಗೂ ನಮಸ್ಕಾರ. ಪರಾಭವ ಸಂವತ್ಸರದ ಶುಭಾಶಯಗಳು. ವರ್ಷದ ಮೊದಲ ಪರಾಭವ ನನ್ನದೇ:
ತೊಗರಿಬೇಳೆ ಬೇಯಿಸಿದೆ, ಬೆಲ್ಲ ಹಾಕಿ ಅರೆದೆ,
ನಿಮ್ಮಂತೆ ತಟ್ಟಲು ಹೋಗಿ ಒಬ್ಬಟ್ಟನ್ನೇ ಹರಿದೆ.
ಹೂರಣ ನೀರಾಯಿತೋ, ಕಣಕ ನೆನೆಯಲಿಲ್ಲವೋ? ನಿಮ್ಮ ಮಗ ಮಾತ್ರ ಏನೂ ಹೇಳದೆ ನಾಲ್ಕು ತಿಂದಿದ್ದಾರೆ.’

ಇದರಲ್ಲಿ ತೊಗರಿಬೇಳೆ ಎಂದು ಬರೆದದ್ದಕ್ಕೆ ಕಾರಣವಿದೆ. ಗದಗಿನಲ್ಲಿ ಹೋಳಿಗೆಯ ಹೂರಣಕ್ಕೆ ಕಡಲೆಬೇಳೆ ಹಾಕುವುದು ರೂಢಿ. ಹಾಸನ, ಮೈಸೂರಿನ ಕಡೆ ಬಹಳ ಮನೆಗಳಲ್ಲಿ ತೊಗರಿಬೇಳೆ. ನೀವು ಅವರ ಮನೆಯ ಪದ್ಧತಿಯನ್ನು ಹಿಡಿದಿದ್ದೀರೆಂದು ಆ ಒಂದು ಪದದಲ್ಲಿ ಅವರಿಗೆ ತಿಳಿಯುತ್ತದೆ, ಹೊಗಳಿಕೆಯ ಮಾತು ಬೇಕಾಗುವುದಿಲ್ಲ. ಕೊನೆಯ ಪ್ರಶ್ನೆಯೂ ನಿಜವಾದ ಪ್ರಶ್ನೆಯೇ. ಒಬ್ಬಟ್ಟು ಹರಿಯುವುದು ಹೆಚ್ಚಾಗಿ ಈ ಎರಡು ಕಾರಣಕ್ಕೆ: ಬೇಳೆ ಬಸಿಯದೆ ಹೂರಣ ಸಡಿಲವಾಗಿರುತ್ತದೆ, ಇಲ್ಲವೇ ಕಣಕಕ್ಕೆ ಎಣ್ಣೆ ಸಾಲದೆ, ಸಾಕಷ್ಟು ಹೊತ್ತು ನೆನೆಯದೆ ಬಿಗಿಯಾಗಿರುತ್ತದೆ. ಅಡುಗೆಯಲ್ಲಿ ನುರಿತ ಅತ್ತೆಗೆ ಇದನ್ನು ಓದಿ ಸುಮ್ಮನಿರಲು ಆಗುವುದಿಲ್ಲ. ‘ಬೇಳೆಯ ಕಟ್ಟನ್ನು ಸಾರಿಗೆ ಬಸಿಯದೆ ಹೂರಣದಲ್ಲೇ ಬಿಟ್ಟೆಯಾ?’ ಎಂದು ಬರೆಯುತ್ತಾರೆ. ಇಲ್ಲವೇ, ‘ನಾಲ್ಕು ತಿಂದನೇ? ನನ್ನ ಕೈಯದ್ದು ಎರಡಕ್ಕೇ ಸಾಕೆನ್ನುತ್ತಿದ್ದ, ಪಾಪ ಹಸಿದಿರಬೇಕು’ ಎಂದು ನಿಮ್ಮನ್ನೂ ಮಗನನ್ನೂ ಒಟ್ಟಿಗೆ ಹಿಡಿಯುತ್ತಾರೆ. ಅಲ್ಲಿಗೆ ನೀವು ಬರೆದ ಸಂದೇಶದ ಕೆಲಸ ಆಯಿತು. ಆಮೇಲೆ ಅದನ್ನು ಮೀರಿಸುವ ಇನ್ನೊಂದು ಸಾಲು ಹುಡುಕಬೇಡಿ.

ಅವರು ಪಂಚಾಂಗ ಓದುವವರಾದರೆ ಇನ್ನೊಂದು ದಾರಿಯಿದೆ. ಯುಗಾದಿಯ ಪಂಚಾಂಗ ಶ್ರವಣದಲ್ಲಿ ರಾಶಿಗಳ ಆಯ-ವ್ಯಯ ಹೇಳುತ್ತಾರಲ್ಲ, ಅದೇ ಧಾಟಿಯಲ್ಲಿ: ‘ಈ ವರ್ಷ ಅತ್ತೆಯವರಿಗೆ ಆಯ: ಸೊಸೆಯಿಂದ ದಿನಕ್ಕೆ ಮೂರು ಫೋನು. ವ್ಯಯ: ಮೂರು ಸಲವೂ ಹುಳಿಪುಡಿಯ ಅದೇ ಅಳತೆ ಹೇಳುವ ತಾಳ್ಮೆ. ಶಾಂತಿಗೆ ಏನು ಮಾಡಿಸಲಿ?’ ರಾಶಿಯ ಹೆಸರು ಮಾತ್ರ ಎತ್ತಬೇಡಿ. ಜಾತಕವನ್ನು ನಂಬುವ ಮನೆಯಲ್ಲಿ ಹಬ್ಬದ ದಿನ ಕೆಟ್ಟ ಫಲ ನುಡಿದಂತಾಗಬಾರದು.

ಸಂಕ್ರಾಂತಿಗೆ ಇಷ್ಟು ಕಸರತ್ತು ಬೇಡ, ಹಬ್ಬವೇ ಸಾಲನ್ನು ಕೊಟ್ಟಿದೆ. ‘ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ’ ಎಂದು ಊರೆಲ್ಲ ಹೇಳುವ ದಿನ ಸೊಸೆ ಹೀಗೆನ್ನಬಹುದು: ‘ಅತ್ತೆ, ಮುಂದಿನ ವಾರ ಬಂದಾಗ ನಾನೇ ಸಾರು ಮಾಡುತ್ತೇನೆ. ಅದರ ಬಗ್ಗೆ ಮಾತನಾಡುವ ಮೊದಲು ಎರಡು ಹಿಡಿ ಎಳ್ಳು ಬೆಲ್ಲ ತಿಂದಿರಿ. ಒಂದು ಡಬ್ಬಿ ಮಿಗಿಸಿ ಇಟ್ಟಿದ್ದೀರಿ ತಾನೇ?’ ಇದು ನಿಮ್ಮ ಮೊದಲ ಸಂಕ್ರಾಂತಿ. ಹಳೆಯ ಮೈಸೂರಿನ ಹಲವು ಮನೆಗಳಲ್ಲಿ ಹೊಸ ಸೊಸೆ ಮೊದಲ ಐದು ವರ್ಷ ಎಳ್ಳಿನೊಡನೆ ಬಾಳೆಹಣ್ಣು ಬೀರುವ ಪದ್ಧತಿಯಿದೆ. ನಿಮ್ಮ ಅತ್ತೆಯ ಮನೆಯಲ್ಲೂ ಇದ್ದರೆ, ಕೊಬ್ಬರಿ ಬೆಲ್ಲ ಹೆಚ್ಚಿ ಬಿಸಿಲಿಗೆ ಹರಡುವ ಕೆಲಸ ಅವರು ವಾರದ ಮುಂಚೆಯೇ ಶುರು ಮಾಡಿರುತ್ತಾರೆ. ಅದನ್ನು ಕೇಳಿ ತಿಳಿದುಕೊಂಡು ಬರೆದರೆ ಕೀಟಲೆಗೆ ಹೂರಣ ಸಿಗುತ್ತದೆ. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ‘ಎರಡು ಹಿಡಿ’ ಎನ್ನುವುದನ್ನು ತೆಗೆದುಬಿಡಿ. ಹಬ್ಬದ ದಿನ ಬಾಯಿ ಕಟ್ಟಿಕೊಂಡು ಕುಳಿತವರಿಗೆ ಸಿಹಿಯ ತಮಾಷೆ ಹಿತವಾಗುವುದಿಲ್ಲ.

ಮತ್ತೊಂದು ಎಚ್ಚರ. ಮದುವೆಯಾಗಿ ಹತ್ತು ತಿಂಗಳಾದ ಸೊಸೆ ಹಬ್ಬದ ಸಂದೇಶವನ್ನು ‘ಒಂದು ಸಿಹಿ ಸುದ್ದಿ’ ಎಂದು ಆರಂಭಿಸಲೇಬಾರದು. ಎರಡನೆಯ ಸಾಲಿನಲ್ಲಿ ನೀವು ಒಬ್ಬಟ್ಟಿನ ಸಿಹಿಯೆಂದು ಬರೆಯುವಷ್ಟರಲ್ಲಿ ಅವರು ದೇವರ ಮುಂದೆ ತುಪ್ಪದ ದೀಪ ಹಚ್ಚಿ ನಿಮ್ಮ ತಾಯಿಗೆ ಫೋನು ಮಾಡಿರುತ್ತಾರೆ. ಆಸೆ ಹುಟ್ಟಿಸಿ ಕಸಿದುಕೊಳ್ಳುವ ತಮಾಷೆಯನ್ನು ಯಾವ ಹಿರಿಯರೊಡನೆಯೂ ಮಾಡಬಾರದು.

ಮುಟ್ಟಬಾರದ ವಿಷಯಗಳನ್ನೂ ನೇರವಾಗಿ ಹೇಳಿಬಿಡುತ್ತೇನೆ. ಅವರ ವಯಸ್ಸು, ಮೈತೂಕ, ಮಂಡಿನೋವು, ಕೂದಲಿನ ಬಣ್ಣ ಬೇಡ. ‘ನಮ್ಮಮ್ಮ ಹೀಗೆ ಮಾಡುತ್ತಾರೆ’ ಎನ್ನುವ ಹೋಲಿಕೆ ತಮಾಷೆಯ ವೇಷದಲ್ಲಿ ಬಂದರೂ ಚುಚ್ಚುತ್ತದೆ. ಮಗ ಯಾರ ಮಾತು ಕೇಳುತ್ತಾನೆ ಎಂಬ ವಿಷಯ ಅದಕ್ಕಿಂತ ಅಪಾಯ. ನಾನು ಕಂಡ ಎಷ್ಟೋ ಮನೆಗಳಲ್ಲಿ ನಗುವಿನಲ್ಲಿ ಶುರುವಾಗಿ ಊಟ ಬಿಡುವಲ್ಲಿಗೆ ಮುಗಿದದ್ದು ಇದೇ. ಬಂಗಾರ, ಸೀರೆ, ಕೊಟ್ಟದ್ದು ತಂದದ್ದು ಯಾವುದೂ ಬೇಡ. ದಸರೆಯಲ್ಲಿ ನಿಮ್ಮ ಕಡೆ ಬನ್ನಿಯನ್ನು ಬಂಗಾರವೆಂದು ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತಾರೆ. ‘ಈಗಿನ ದರಕ್ಕೆ ಈ ಬನ್ನಿಯೇ ನಿಮ್ಮ ಬಂಗಾರ’ ಎಂಬ ಸಾಲು ತಟ್ಟನೆ ಹೊಳೆಯುತ್ತದೆ. ಹೊಳೆದರೂ ಬಿಡಿ. ಮದುವೆಯ ಒಡವೆಯ ಲೆಕ್ಕ ಎರಡೂ ಮನೆಗಳಲ್ಲಿ ಯಾರ ಮನಸ್ಸಿನಲ್ಲಿ ಹೇಗೆ ಕುಳಿತಿದೆಯೋ ನಿಮಗೆ ಇನ್ನೂ ತಿಳಿದಿಲ್ಲ.

ಗಾದೆಗಳ ವಿಷಯದಲ್ಲೂ ಜಾಗ್ರತೆ ಇರಲಿ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬುದನ್ನು ಅತ್ತೆಯೇ ನಕ್ಕು ಹೇಳಿದರೆ ಅದು ಅವರ ದೊಡ್ಡತನ. ಅದೇ ಗಾದೆಯನ್ನು ಸೊಸೆ ಬರೆದು ಕಳುಹಿಸಿದರೆ ‘ನಿಮ್ಮ ಕಾಲ ಮುಗಿಯಿತು’ ಎಂದಂತೆ ಕೇಳಿಸುತ್ತದೆ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬುದಂತೂ ಕೋಪ ಇದೆಯೆಂದು ನೀವೇ ಒಪ್ಪಿಕೊಂಡ ಹಾಗೆ. ಈ ಗಾದೆಗಳು ಹುಟ್ಟಿದ್ದು ಸೊಸೆಗೆ ಬಾಯಿಲ್ಲದ ಕಾಲದಲ್ಲಿ, ನೋವು ತೋಡಿಕೊಳ್ಳುವುದಕ್ಕೆ. ಬೀಸುವ ಕಲ್ಲಿನ ಮುಂದೆ ಹಾಡಿಕೊಂಡ ಹಾಡುಗಳಲ್ಲೂ ಅತ್ತೆಮನೆಯ ಆ ಕಷ್ಟ ಇದೆ. ಅವುಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ನಿಮ್ಮನ್ನು ನಗಿಸುವ ಅತ್ತೆಗೆ ಹಬ್ಬದ ದಿನ ಕಳುಹಿಸುವ ಮಾತು ಅದಲ್ಲ.

ಇದನ್ನು ಓದುವ ಬೇರೆ ಸೊಸೆಯರಿಗಾಗಿ ಒಂದು ಮಾತು ಸೇರಿಸುತ್ತೇನೆ. ಅತ್ತೆ ಗಂಡನನ್ನು ಕಳೆದುಕೊಂಡವರಾಗಿದ್ದರೆ ಗೌರಿಹಬ್ಬದ ಬಾಗಿನ, ಬಳೆ, ಕುಂಕುಮಗಳ ಸುತ್ತ ಯಾವ ಲಘುವಾದ ಮಾತನ್ನೂ ಕಟ್ಟಬೇಡಿ. ಎಷ್ಟೋ ಮನೆಗಳಲ್ಲಿ ಆ ದಿನ ಅವರನ್ನು ಪಕ್ಕಕ್ಕೆ ಸರಿಸಿಯೇ ಹಬ್ಬ ನಡೆಯುತ್ತದೆ. ಅಂಥವರಿಗೆ ಎಳ್ಳು ಬೆಲ್ಲ, ಬೇವು ಬೆಲ್ಲದ ಹಬ್ಬಗಳಲ್ಲಿ ಬರೆಯಿರಿ; ಅಲ್ಲಿ ಎಲ್ಲರಿಗೂ ಒಂದೇ ಬಟ್ಟಲು.

ಮದುವೆಯ ಮೊದಲ ವರ್ಷದ ಆಷಾಢ ಹಬ್ಬವಲ್ಲದಿದ್ದರೂ ಕೀಟಲೆಗೆ ಬಹಳ ಒಳ್ಳೆಯ ಕಾಲ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಹೊಸ ಸೊಸೆ ತವರಿಗೆ ಹೋಗುತ್ತಾಳೆ. ಆ ತಿಂಗಳು ಮುಗಿಯುವಾಗ ‘ಆಷಾಢ ಕಳೆಯಿತು ಅತ್ತೆ, ನಿಮಗೆ ಒಂದು ತಿಂಗಳ ವಿಶ್ರಾಂತಿ ಸಾಕಾಯಿತೋ, ಇನ್ನೂ ಬೇಕೋ? ಶ್ರಾವಣದ ಮೊದಲ ದಿನವೇ ಹೊರಟಿದ್ದೇನೆ’ ಎಂದು ಬರೆದರೆ, ‘ಬೇಗ ಬಾ’ ಎನ್ನುವ ಮಾತು ಅವರ ಬಾಯಿಂದ ತಾನಾಗಿ ಬರುತ್ತದೆ. ನಿಮಗೆ ಇದು ಕಳೆದುಹೋಯಿತು, ಆದರೆ ನಿಮ್ಮ ಮನೆಗೆ ಓರಗಿತ್ತಿ ಬಂದಾಗ ಅವಳಿಗೆ ಹೇಳಿಕೊಡಿ.

ನಿಮ್ಮ ಗಂಡನೂ ತಮ್ಮ ಅತ್ತೆಗೆ, ಎಂದರೆ ನಿಮ್ಮ ತಾಯಿಗೆ, ಏನಾದರೂ ಬರೆಯಬೇಕೆಂದರೆ ಅವರ ಕೈ ಇನ್ನೂ ಹಗುರವಾಗಿರಲಿ. ಅಳಿಯನ ಎದುರಿಗೆ ನಿಂತು ಮಾತನಾಡಲು ಸಂಕೋಚಪಡುವ ಅತ್ತೆಯರು ಈಗಲೂ ಇದ್ದಾರೆ. ಬಡಿಸುವ ಕೈಯ ಧಾರಾಳದ ಮೇಲೆ ಒಂದು ಮಾತು ಸಾಕು: ‘ದೀಪಾವಳಿಗೆ ನೀವು ಬಡಿಸಿದ್ದು ಸಂಕ್ರಾಂತಿಯವರೆಗೆ ಸಾಕಾಯಿತು. ಯುಗಾದಿಗೆ ಯಾವಾಗ ಬರಲಿ?’ ಇನ್ನು, ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾದವರ ಸಂಗತಿಯೇ ಬೇರೆ. ಅವರ ಅತ್ತೆ ಅಜ್ಜಿಯೋ ಸೋದರತ್ತೆಯೋ ಆಗಿರುತ್ತಾರೆ. ಬಾಲ್ಯದಿಂದ ಬಂದ ಸಲುಗೆಗೆ ನನ್ನ ಸಲಹೆ ಬೇಕಿಲ್ಲ.

ನಿಮ್ಮ ಬಳಿ ಇನ್ನೂ ಒಂದು ಒಳ್ಳೆಯ ಬಂಡವಾಳವಿದೆ: ರೊಟ್ಟಿ ಮತ್ತು ಮುದ್ದೆ. ಜೋಳದ ರೊಟ್ಟಿಯ ನಾಡಿನಿಂದ ರಾಗಿ ಮುದ್ದೆಯ ಮನೆಗೆ ಬಂದವರು ನೀವು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಅವರು ನಿಮಗೆ ಕಲಿಸಿರಲೇಬೇಕು, ನೀವು ಅಗಿದು ಸಿಕ್ಕಿಬಿದ್ದಿರಲೇಬೇಕು. ‘ಈ ವರ್ಷದ ಸಂಕಲ್ಪ: ನಾನು ಮುದ್ದೆ ನುಂಗುವುದು, ನೀವು ರೊಟ್ಟಿ ಬಡಿಯುವುದು. ಯಾರು ಮೊದಲು ಸೋಲುತ್ತೇವೆ ನೋಡೋಣವೇ?’ ಈ ಸಾಲಿನಲ್ಲಿ ಅವರಿಗೂ ಸೋಲುವ ಅವಕಾಶವಿದೆಯಲ್ಲ ಎಂದು ನೀವು ಕೇಳಬಹುದು. ಹೌದು, ಇದೆ. ಆದರೆ ರೊಟ್ಟಿ ಬಡಿಯಲು ಬಾರದಿರುವುದು ಹಾಸನದ ಹೆಂಗಸಿಗೆ ಅವಮಾನವಲ್ಲ. ನಗೆ ಕೆಡದೆ ಸೋಲಬಹುದಾದ ವಿಷಯವನ್ನು ಹುಡುಕುವುದರಲ್ಲೇ ಜಾಣತನವಿರುವುದು.

ಕಳುಹಿಸುವ ಹೊತ್ತಿನ ಬಗ್ಗೆ. ಹಬ್ಬದ ಬೆಳಿಗ್ಗೆ ಬೇಡ. ಅವರು ಅಡುಗೆಮನೆಯಲ್ಲಿ ಮಡಿಯಲ್ಲಿ ಇರಬಹುದು, ಕೈ ಹಿಟ್ಟಾಗಿರುತ್ತದೆ. ಬೆಳಿಗ್ಗೆ ಒಂದು ಫೋನು ಮಾಡಿ ಇಬ್ಬರಿಗೂ ನಮಸ್ಕಾರ ಹೇಳಿ. ಫೋನು ಮಾಡದೆ ಬರಿಯ ಸಂದೇಶ ಕಳುಹಿಸುವುದನ್ನೇ ಹಿರಿಯರು ಬಹಳ ಜನ ಉಪೇಕ್ಷೆಯೆಂದು ತಿಳಿಯುತ್ತಾರೆ. ಗುಂಪಿನಲ್ಲಿ ಎಲ್ಲರಿಗೂ ಹೇಳುವ ಶುಭಾಶಯ ಹಾಕಿ. ಕೀಟಲೆಯನ್ನು ನೈವೇದ್ಯ, ಊಟ ಎಲ್ಲ ಮುಗಿದು ಅವರು ಕಾಲು ಚಾಚಿ ಕುಳಿತ ಮಧ್ಯಾಹ್ನ, ಅವರೊಬ್ಬರಿಗೇ ಕಳುಹಿಸಿ. ಬರೆಯುವುದಕ್ಕಿಂತ ನಿಮ್ಮ ದನಿಯಲ್ಲೇ ಹೇಳಿ ಕಳುಹಿಸಿದರೆ ಇನ್ನೂ ಒಳ್ಳೆಯದು. ಒಡಪನ್ನು ಗದಗಿನ ರಾಗದಲ್ಲಿ ಹೇಳಿದರೆ ಅರ್ಧ ನಗು ಆ ದನಿಗೇ ಬರುತ್ತದೆ, ಚಪ್ಪರದಲ್ಲಿ ಇದ್ದ ಒಂದು ಕಾವಲಾದರೂ ಮರಳಿ ಸಿಗುತ್ತದೆ. ಹೊರದೇಶದಲ್ಲಿ ಇರುವವರು ಅಲ್ಲಿನ ಗಡಿಯಾರ ಬಿಟ್ಟು ಅತ್ತೆಯ ಊಟದ ಹೊತ್ತನ್ನು ನೋಡಿಕೊಳ್ಳಬೇಕು.

ದೀಪಾವಳಿಯ ನಗೆಹನಿಗಾಗಿ ಉದ್ದನೆಯ ಕ್ಷಮೆಯ ಪತ್ರ ಬರೆಯಬೇಡಿ, ಇಲ್ಲದ ಗಾಯವನ್ನು ತೋರಿಸಿದಂತಾಗುತ್ತದೆ. ಸಂಕ್ರಾಂತಿಗೆ ಮೊದಲು ಫೋನು ಮಾಡಿದಾಗ, ‘ಮುಂದಿನ ದೀಪಾವಳಿಗೆ ಇಬ್ಬರೂ ನಿಮ್ಮಲ್ಲಿಗೇ ಬರುತ್ತೇವೆ, ಎಣ್ಣೆ ನೀವೇ ಹಚ್ಚಬೇಕು’ ಎಂದು ಹೇಳಿ, ಹೇಳಿದ ಹಾಗೆ ಹೋಗಿ.

ಇಷ್ಟಾದ ಮೇಲೂ ಒಮ್ಮೊಮ್ಮೆ ಉತ್ತರ ಬರದೆ ಇರಬಹುದು. ‘ನಗು ಬರಲಿಲ್ಲವೇ?’ ಎಂದು ಕೇಳಬೇಡಿ. ಸಂಜೆ ಫೋನು ಮಾಡಿ ಊಟದಲ್ಲಿ ಏನೇನು ಮಾಡಿದ್ದರೆಂದು ವಿಚಾರಿಸಿ. ಇನ್ನೊಂದು ಸಾಧ್ಯತೆಯೂ ಇದೆ, ನಿಮ್ಮ ಅತ್ತೆಯ ಸ್ವಭಾವ ನೋಡಿದರೆ ಅದೇ ಹೆಚ್ಚು. ನಿಮ್ಮ ಹರಿದ ಒಬ್ಬಟ್ಟಿನ ಕಥೆಯನ್ನು ಅವರೇ ಉಪ್ಪು ಖಾರ ಹಚ್ಚಿ ಇಡೀ ಗುಂಪಿಗೆ ಹಾಕಬಹುದು. ಹಾಕಿದರೆ, ಒಬ್ಬಟ್ಟಿನ ಚಿತ್ರವನ್ನೂ ನೀವೇ ಕಳುಹಿಸಿಕೊಡಿ.